ಹಿಂಡುವ ಕೈ

"ಏಯ್ ಗುತ್ತಿಗೆ, ಅಳೋದಿದ್ರೆ ಮನೆಗೆ ಹೋಗಿ ಅಳು. ಮೊದಲು ಆ ಮಂಚ ಒರೆಸು ದರಿದ್ರದೋಳೇ, ಹೊರಗೆ ಇನ್ನೊಂದು ಮಗು ಕಾಯ್ತಾ ಇದೆ."

ಮೇಟ್ರನ್ ನನ್ನನ್ನು ಹೀಗೆ ಬೈಯುವಾಗ ಅವರ ಕೈ ಅಳುತ್ತಿದ್ದ ಗುಬ್ಬಿಯ ಹೆಗಲ ಮೇಲಿತ್ತು. ಬೈಗುಳಕ್ಕಿಂತ ಆ ಕೈ ನನ್ನನ್ನು ಹೆಚ್ಚು ಚುಚ್ಚಿತು.

ಗುಬ್ಬಿ ಮತ್ತು ನಾನು ಒಟ್ಟಿಗೆ ನರ್ಸಿಂಗ್ ಕಲಿತವರು, ಒಂದೇ ತಟ್ಟೆಯಲ್ಲಿ ಉಂಡವರು. ಅವಳ ಕೆಲಸ ಕಾಯಂ ಆಯಿತು. ಅವಳು 'ಸಿಸ್ಟರ್' ಆದಳು. ನಾನು 'ಗುತ್ತಿಗೆ'ಯಾಗಿಯೇ ಉಳಿದೆ.

ಆ ಬೆಳಿಗ್ಗೆ ಮಕ್ಕಳ ವಾರ್ಡಿನಲ್ಲಿ ಒಂದು ಹೆಣ್ಣುಮಗುವಿನ ಉಸಿರು ನಿಂತಿತ್ತು. ಗುಬ್ಬಿ ಎದೆ ಒತ್ತಿದಳು. ನಾನು ರಬ್ಬರ್ ಚೀಲವನ್ನು ಹಿಂಡಿ ಹಿಂಡಿ ಆ ಪುಟ್ಟ ಬಾಯಿಗೆ ಗಾಳಿ ತುಂಬಿದೆ. ಡಾಕ್ಟರು ಹೇಳುವವರೆಗೆ ಚೀಲ ಹಿಡಿದವರು ನಿಲ್ಲಿಸುವಂತಿಲ್ಲ. ಅದು ನಮ್ಮ ಕೆಲಸದ ರೂಢಿ. ಕೊನೆಗೆ ಡಾಕ್ಟರು "ಸಾಕು" ಎಂದರು. ಮಗು ಹೋಗಿಬಿಟ್ಟಿತ್ತು. ಗುಬ್ಬಿ ಕೈ ತೆಗೆದಳು. ನಾನೂ ಚೀಲವನ್ನು ಕೆಳಗಿಟ್ಟೆ. ಆದರೆ ನನ್ನ ಬಲಗೈ ನಿಲ್ಲಲಿಲ್ಲ. ಬರಿಗಾಳಿಯನ್ನು ಹಿಂಡುತ್ತಲೇ ಇತ್ತು.

ಮೇಟ್ರನ್ ಗುಬ್ಬಿಯನ್ನು ನೆಮ್ಮದಿ ಕೋಣೆಗೆ ಕರೆದೊಯ್ದರು. ಸಿಬ್ಬಂದಿಯ ಮನಸ್ಸಿಗೆ ಆಸರೆಯಾಗಲೆಂದು ತೆರೆದ ಕೋಣೆ ಅದು. ಅಲ್ಲಿ ಮೆತ್ತನೆಯ ಸೋಫಾ ಇದೆ, ಮಾತು ಕೇಳಲು ಆಪ್ತಸಮಾಲೋಚಕಿ ಇದ್ದಾರೆ. ಪ್ರವೇಶ ಕಾಯಂ ಸಿಬ್ಬಂದಿಗೆ ಮಾತ್ರ. ಆ ಸೋಫಾದ ಗವಸು ಬದಲಿಸುವವಳು ನಾನೇ. ಒಮ್ಮೆಯೂ ಅದರ ಮೇಲೆ ಕುಳಿತವಳಲ್ಲ.

ಎಡಗೈಯಲ್ಲಿ ಮಂಚ ಒರೆಸಿದೆ. ಬಕೆಟ್ ತಂದ ಆಯಮ್ಮ ನನ್ನ ಬಲಗೈಯನ್ನೇ ನೋಡುತ್ತ ನಿಂತಳು.

"ಏನಮ್ಮಾ ಅದು, ಯಾರದೋ ಕತ್ತು ಹಿಸುಕ್ತಾ ಇರೋ ಹಾಗಿದೆ?"

"ಗುಬ್ಬೀದು."

"ಅಯ್ಯೋ ಪಾಪ, ಅವಳೇನು ಮಾಡಿದಳೇ ನಿಂಗೆ?"

"ಏನೂ ಮಾಡಿಲ್ಲ ಆಯಮ್ಮ. ಅದಕ್ಕೇ ಇನ್ನೂ ಜಾಸ್ತಿ ಹೊಟ್ಟೆ ಉರಿಯುತ್ತೆ."

ಹೊಸ ಮಗುವನ್ನು ಮಲಗಿಸಿ, ಜೊತೆಯ ಇನ್ನೊಬ್ಬ ನರ್ಸಿಗೆ ಒಪ್ಪಿಸಿ ಹೊರಟೆ. ನೆಮ್ಮದಿ ಕೋಣೆಯ ಗಾಜಿನಾಚೆ ಗುಬ್ಬಿ ಬಿಕ್ಕುತ್ತಿದ್ದಳು. ಆಪ್ತಸಮಾಲೋಚಕಿ ನೀರು ಹಿಡಿದಿದ್ದರು, ಮೇಟ್ರನ್ ತಲೆ ಸವರುತ್ತಿದ್ದರು. ಅವಳ ಸಂಬಳಕ್ಕೂ ನಾನು ಎಂದೂ ಇಷ್ಟು ಕರುಬಿರಲಿಲ್ಲ.

ಬಾಗಿಲು ತಳ್ಳಿ ಒಳಗೆ ಹೋಗಿ ಸೋಫಾದ ಮೇಲೆ ಕುಳಿತೆ.

"ಯಾರೇ ನಿನ್ನ ಒಳಗೆ ಬಿಟ್ಟೋರು? ಏಳೇ ಮೇಲೆ!" ಮೇಟ್ರನ್ ಕಿರುಚಿದರು. "ಸೋಫಾ ಗಲೀಜಾಗುತ್ತೆ."

"ಆಗ್ಲಿ ಬಿಡಿ ಮೇಡಂ. ಒಗೆಯೋಳೂ ನಾನೇ ತಾನೇ."

"ಮೇಡಂ, ಅವಳ ಕೈ ನೋಡಿ," ಎಂದಳು ಗುಬ್ಬಿ. ಅದನ್ನು ಹಿಡಿಯಲು ತನ್ನ ಕೈ ಚಾಚಿದಳು. ನಾನು ಕೊಡಲಿಲ್ಲ.

"ಆ ಕಡೆ ಸರಿಯೇ," ಎಂದೆ. ಅವಳು ಸರಿದಳು. "ಇನ್ನೂ."

ನರ್ಸನ್ನು ಕರೆಯುವ ವಾರ್ಡಿನ ಗಂಟೆ ಹೊಡೆದುಕೊಂಡಿತು. ಅಭ್ಯಾಸಬಲದಿಂದ ನನ್ನ ಕಾಲುಗಳು ಅರ್ಧ ಎದ್ದವು. ಬಲವಂತವಾಗಿ ಕೂರಿಸಿದೆ.

"ಕಿವುಡೇನೇ ನಿಂಗೆ? ಹೋಗು! ಇಲ್ಲಾಂದ್ರೆ ನಾಳೆಯಿಂದ ಬರಬೇಡ."

"ನಾಳೇದು ನಾಳೆ ಮೇಡಂ. ನಾನೀಗ ಅಳಬೇಕು. ಗಂಟೆ ನಿಮಗೂ ಕೇಳಿಸ್ತಲ್ಲ, ನೀವು ಹೋಗಿ."

ಗಂಟೆ ನಿಲ್ಲಲಿಲ್ಲ. ಮೇಟ್ರನ್ ನನ್ನನ್ನು ನೋಡಿದರು, ಗುಬ್ಬಿಯನ್ನು ನೋಡಿದರು. ಆಮೇಲೆ ಅವರ ಚಪ್ಪಲಿಯ ಸದ್ದು ಕಾರಿಡಾರಿನುದ್ದಕ್ಕೂ ಓಡಿತು.

ಸೋಫಾ ನಾನು ಎಣಿಸಿದ್ದಕ್ಕಿಂತ ಮೆತ್ತಗಿತ್ತು. ಅಳು ಮಾತ್ರ ಬರಲಿಲ್ಲ. ತೊಡೆಯ ಮೇಲೆ ನನ್ನ ಬಲಗೈ ಇನ್ನೂ ಹಿಂಡುತ್ತಿತ್ತು, ಬಿಡುತ್ತಿತ್ತು, ಹಿಂಡುತ್ತಿತ್ತು.