ಬಾಗಿಲು ಎಳೆಯಬೇಡಿ

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅತ್ತಿಗೆ ಅಡುಗೆಮನೆಯ ಗಡಿಯಾರ ತಂದು ನನ್ನ ಕಂಪ್ಯೂಟರಿನ ಪಕ್ಕ ಇಟ್ಟರು.

"ಒಂದು ಗಂಟೆಗೆ ಕೈ ಎತ್ತಬೇಕು. ಈ ಸಲ ಒಂದು ನಿಮಿಷ ಜಾಸ್ತಿ ಆದ್ರೂ ನಾನೇ ಪ್ಲಗ್ ಕೀಳ್ತೀನಿ, ನೋಡ್ತಿರು."

ಪ್ರತಿ ವರ್ಷ ಹ್ಯಾಲೋವೀನ್ ಎಂಬ ವಿದೇಶಿ ದೆವ್ವದ ಹಬ್ಬದ ಹೊತ್ತಿಗೆ ಅಂತರ್ಜಾಲದಲ್ಲಿ ನಡೆಯುವ ಸ್ಪರ್ಧೆ ಇದು. ದೆವ್ವದ ಆಟ ಬರೆಯಬೇಕು. ಚಿತ್ರವಿಲ್ಲ, ಸದ್ದಿಲ್ಲ, ಬರೀ ಅಕ್ಷರ. ಪುಟದ ಕೆಳಗೆ ಎರಡು ಮೂರು ಆಯ್ಕೆಗಳಿರುತ್ತವೆ. ಓದುವವರು ಯಾವುದನ್ನು ಒತ್ತುತ್ತಾರೋ ಕಥೆ ಆ ದಾರಿ ಹಿಡಿಯುತ್ತದೆ. ಮೊದಲ ಅಕ್ಷರದಿಂದ ಕೊನೆಯ ತಿದ್ದುಪಡಿಯವರೆಗೆ ನಾಲ್ಕೇ ಗಂಟೆ. ಯಾರೂ ಕಾವಲು ಕೂರುವುದಿಲ್ಲ. ಎಷ್ಟು ಹೊತ್ತು ಹಿಡಿಯಿತೆಂದು ನಾವೇ ಬರೆದು ಕಳಿಸಬೇಕು.

ಹೋದ ವರ್ಷ ನನಗೆ ನಾಲ್ಕು ಗಂಟೆ ಹನ್ನೊಂದು ನಿಮಿಷ ಹಿಡಿದಿತ್ತು. ಹಾಗೆಂದೇ ಬರೆದೆ. ತಿಂಗಳುಗಟ್ಟಲೆ ಕೂತು ಬರೆದವರ ವಿಭಾಗಕ್ಕೆ ನನ್ನನ್ನು ತಳ್ಳಿದರು. ಮೂವತ್ತಮೂರರಲ್ಲಿ ಮೂವತ್ತೊಂದನೆಯ ಸ್ಥಾನ ಬಂತು. ಅಣ್ಣ ಲಿಫ್ಟ್ ಮೆಕ್ಯಾನಿಕ್. "ಹನ್ನೊಂದು ನಿಮಿಷ ನುಂಗ್ಕೊಂಡಿದ್ರೆ ಯಾರಿಗೆ ಗೊತ್ತಾಗ್ತಿತ್ತು?" ಎಂದ. "ನೀನು ಲಿಫ್ಟಿಗೆ ನಾಲ್ಕು ಬೋಲ್ಟ್ ಕಡಿಮೆ ಹಾಕಿದ್ರೂ ಯಾರಿಗೂ ಗೊತ್ತಾಗಲ್ಲ" ಎಂದೆ.

ಈ ಸಲ ನಾಲ್ಕು ಗಂಟೆಯೊಳಗೆ ಮುಗಿಯಬೇಕು, ಚೆನ್ನಾಗಿಯೂ ಇರಬೇಕು. ಮುಗಿಸುತ್ತೇನೆ ಎಂಬ ಧೈರ್ಯವಿತ್ತು. ಪಾಳುಬಂಗಲೆ, ಹಳೆ ಬಾವಿ ಎಲ್ಲ ಬಿಟ್ಟು ನನ್ನ ಕೆಲಸವನ್ನೇ ಎತ್ತಿಕೊಂಡಿದ್ದೆ. ನಾನು ಅಣ್ಣನ ಕಂಪನಿಯಲ್ಲೇ ದೂರಿನ ಫೋನಿಗೆ ಕೂರುವವಳು. ಲಿಫ್ಟ್ ಮಧ್ಯದಲ್ಲಿ ನಿಂತು ಒಳಗಿದ್ದವರು ಕೆಂಪು ಗುಂಡಿ ಒತ್ತಿದರೆ ನನ್ನ ಮೇಜಿನ ಮೇಲೆ ರಿಂಗಾಗುತ್ತದೆ. ಕೇಳಬೇಕಾದ ಆರು ಪ್ರಶ್ನೆಗಳನ್ನು ಮೇಜಿಗೆ ಅಂಟಿಸಿದ್ದಾರೆ. ಮೊದಲನೆಯದು: ಒಳಗೆ ಎಷ್ಟು ಜನ ಇದ್ದೀರಿ?

ಆಟವೂ ಅಲ್ಲಿಂದಲೇ ಶುರು. ನಾಲ್ಕು ಮತ್ತು ಐದನೇ ಮಹಡಿಯ ನಡುವೆ ಲಿಫ್ಟ್ ನಿಂತಿದೆ. ಫೋನಿನ ದನಿ ಎಷ್ಟು ಜನ ಎಂದು ಕೇಳುತ್ತದೆ. ನೀವು 'ಒಬ್ಬರೇ' ಎಂದು ಒತ್ತುತ್ತೀರಿ. "ಸರಿ. ಆದರೆ ಇಲ್ಲಿ ಇಬ್ಬರ ತೂಕ ತೋರಿಸುತ್ತಿದೆ" ಎನ್ನುತ್ತದೆ ದನಿ.

ಹನ್ನೆರಡೂ ಇಪ್ಪತ್ತಕ್ಕೆ ಕೊನೆಯ ಪುಟ ಮುಗಿಯಿತು. ದೀಪ ಆರಿ, ಲಿಫ್ಟಿನ ಚಾವಣಿಯಿಂದ ಹೆಂಗಸೊಬ್ಬಳ ಕೂದಲು ಇಳಿದು ಬರುತ್ತದೆ. ಆ ಕೂದಲಿಗೇ ಇನ್ನೂರು ಪದ ಸುರಿದಿದ್ದೆ. ನನಗೆ ಅದರ ಮೇಲೆ ಬಹಳ ಹೆಮ್ಮೆ.

ಆಡಿ ನೋಡಲು ಅತ್ತಿಗೆ ಕೂತರು. ಅವರು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವರು. ಮದುವೆ ಕಾಗದವನ್ನೂ ಪೆನ್ಸಿಲ್ ಹಿಡಿದೇ ಓದುತ್ತಾರೆ.

"ಬಾಗಿಲೆಲ್ಲೇ?"

"ಯಾವ ಬಾಗಿಲು?"

"ಲಿಫ್ಟಿಂದು! ಸಿಕ್ಕಿಹಾಕ್ಕೊಂಡ್ರೆ ನಾನು ಮೊದಲು ಮಾಡೋ ಕೆಲಸ ಬಾಗಿಲು ಎಳೆಯೋದು. ಇಲ್ಲಿ ಕೂಗಬಹುದು, ಕನ್ನಡಿ ನೋಡಬಹುದು, ಫೋನಲ್ಲಿ ಹರಟೆ ಹೊಡೀಬಹುದು. ಬಾಗಿಲೇ ಇಲ್ಲ."

"ಬಾಗಿಲು ಮುಟ್ಟಬಾರದು ಅತ್ತಿಗೆ. ಅಪಾಯ."

"ಆಟದಲ್ಲೂನಾ?"

ಅವರು ನಕ್ಕೇ ನಕ್ಕರು. ನನಗೆ ಮುಖ ಬಿಸಿಯಾಯಿತು. ದಯವಿಟ್ಟು ಬಾಗಿಲು ಎಳೆಯಬೇಡಿ ಎಂದು ಎರಡು ವರ್ಷದಿಂದ ದಿನಕ್ಕೆ ಹತ್ತು ಸಲ ಹೇಳಿ ಹೇಳಿ, ಒಳಗಿದ್ದವರ ಕೈ ಮೊದಲು ಎಲ್ಲಿಗೆ ಹೋಗುತ್ತದೆ ಎಂಬುದೇ ನನಗೆ ಮರೆತುಹೋಗಿತ್ತು. ಆಟವನ್ನು ಲಿಫ್ಟಿನೊಳಗಿಂದ ಬರೆಯುವ ಬದಲು ನನ್ನ ಕುರ್ಚಿಯಿಂದ ಬರೆದಿದ್ದೆ.

ಗಡಿಯಾರ ಹನ್ನೆರಡೂ ಇಪ್ಪತ್ತೆಂಟು ತೋರಿಸುತ್ತಿತ್ತು.

"ಬಿಡು, ಇರೋದನ್ನೇ ಕಳಿಸು. ಸಮಯಕ್ಕೆ ಹೋದ್ರೆ ಸಾಕು" ಎಂದರು ಅತ್ತಿಗೆ.

"ಇಲ್ಲ. ಆಡೋರೆಲ್ಲ ಬಾಗಿಲು ಹುಡುಕ್ತಾರೆ. ಸಿಗದಿದ್ರೆ ಸಿಟ್ಟು ಬರುತ್ತೆ. ಭಯ ಬರಲ್ಲ."

ಬಾಗಿಲು ಬಂದರೆ ಏಳು ಪುಟ ತಿದ್ದಬೇಕು, ಎಲ್ಲವನ್ನೂ ಕೂದಲಿಗೆ ತಂದು ಜೋಡಿಸಬೇಕು. ಅಷ್ಟು ಹೊತ್ತಿರಲಿಲ್ಲ. ಕೂದಲಿನ ಇನ್ನೂರು ಪದಗಳನ್ನು ಅಳಿಸಿಹಾಕಿದೆ.

"ಅಯ್ಯೋ, ಚೆನ್ನಾಗಿತ್ತಲ್ಲೇ!"

"ಹೆದರಿಕೆ ಆಯ್ತಾ?"

"ಇಲ್ಲ. ಪಾಪ, ಇವಳಿಗೊಂದು ಬಾಚಣಿಗೆ ಕೊಡಬಾರದಾ ಅನ್ನಿಸ್ತು."

ಆಮೇಲೆ ತಲೆ ಎತ್ತಲಿಲ್ಲ. ಹನ್ನೆರಡೂ ಐವತ್ತೆರಡಕ್ಕೆ ಅತ್ತಿಗೆ ಮತ್ತೆ ಕೂತರು. ನಿರೀಕ್ಷಿಸಿದಂತೆ ಮೊದಲ ಪುಟದಲ್ಲೇ 'ಬಾಗಿಲು ಎಳೆಯಿರಿ' ಒತ್ತಿದರು. ಉಗುರು ಮುರಿಯಿತು, ಬಾಗಿಲು ಕದಲಲಿಲ್ಲ. "ದಯವಿಟ್ಟು ಬಾಗಿಲು ಎಳೆಯಬೇಡಿ" ಎಂದಿತು ಫೋನಿನ ದನಿ, ನಾನು ದಿನವೂ ಹೇಳುವ ಹಾಗೆಯೇ. ಇನ್ನೂ ಎರಡು ಪುಟ ಹಟ ಮಾಡಿದರು. ಕೊನೆಗೆ 'ಬಿಟ್ಟು ಹಿಂದೆ ಸರಿಯಿರಿ' ಒತ್ತಿದರು.

"ದಯವಿಟ್ಟು ಬಾಗಿಲು ಎಳೆಯಬೇಡಿ."

ಈ ಸಲ ಕೆಳಗೆ ಒಂದೇ ಆಯ್ಕೆ: 'ನಾನು ಎಳೆಯುತ್ತಿಲ್ಲ.' ಅತ್ತಿಗೆ ಒತ್ತಿದರು. ಮುಂದಿನ ಪುಟದಲ್ಲಿ ಒಂದೇ ಸಾಲು.

"ಹಾಗಾದರೆ ಅವರಿಗೆ ಹೇಳಿ."

ಒತ್ತಲು ಇನ್ನೇನಾದರೂ ಇದೆಯಾ ಎಂದು ಅತ್ತಿಗೆ ಪುಟದ ಕೆಳಗೆಲ್ಲ ಹುಡುಕಿದರು. ಇರಲಿಲ್ಲ. ಮೌಸಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಇಷ್ಟೇನಾ?"

"ಇಷ್ಟೇ."

"ಥೂ ನಿನ್ನ! ನಾಳೆ ಪ್ರೂಫ್ ಕೊಡೋಕೆ ಏಳನೇ ಮಹಡಿಗೆ ಹೋಗಬೇಕು ಕಣೇ ನಾನು."

ನನಗೆ ಬೇಕಿದ್ದದ್ದು ಸಿಕ್ಕಿತ್ತು. ಕಳಿಸಿದೆ. ಹಿಡಿದ ಸಮಯ: ಮೂರು ಗಂಟೆ ಐವತ್ತೇಳು ನಿಮಿಷ.

ಮೂರು ವಾರದ ಮೇಲೆ ಫಲಿತಾಂಶ ಬಂತು. ನಲವತ್ತೆರಡರಲ್ಲಿ ನಮ್ಮದು ಮೂರನೆಯದು. ಮೇಲಿನ ಎರಡನ್ನೂ ಆಡಿ ನೋಡಿದೆ. ಮೊದಲನೆಯದು ನಿಜಕ್ಕೂ ಚೆನ್ನಾಗಿತ್ತು. ಎರಡನೆಯದಕ್ಕಿಂತ ನಮ್ಮದೇ ವಾಸಿ.

ಅಣ್ಣ ಊಟದ ಮೇಜಿನಲ್ಲಿ ಕೂತು ಫೋನಿನಲ್ಲಿ ಆಡಿದ. ಮುಗಿಸಿ ಮೂಗು ಮುರಿದ.

"ಲಿಫ್ಟು ಜನ ಎಣಿಸಲ್ಲ ಕಣೇ, ಕಿಲೋ ಎಣಿಸುತ್ತೆ. ಒಬ್ಬ ದಪ್ಪ ಮನುಷ್ಯ ನಿಂತ್ರೂ ಇಬ್ಬರ ತೂಕ ತೋರಿಸುತ್ತೆ. ತಿದ್ದು ಅದನ್ನ."

"ಆಗಲ್ಲ" ಎಂದೆ. "ಸಮಯ ಮುಗಿದಿದೆ."