ಪಕ್ಕದ ಸೀಟು

ಊರಿನ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದ ಮೇಷ್ಟ್ರು ಕಣ್ಣಿನ ಡಾಕ್ಟರ ಮುಂದೆ ಕೂತಿದ್ದರು. ‘ಕಣ್ಣು ತೋರಿಸೋಕೂ ಜೊತೆ ಬೇಕಾ?’ ಎಂದು ಹೆಂಡತಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಬಂದಿದ್ದರು.

ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಕೆಟ್ಟ ಸುದ್ದಿ ನೇರವಾಗಿ ಹೇಳುವುದು ಇನ್ನೂ ರೂಢಿಯಾಗಿರಲಿಲ್ಲ. ಸ್ಕ್ಯಾನ್ ಚಿತ್ರವನ್ನು ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು.

“ನೋಡಿ, ಕಣ್ಣು ಅನ್ನೋದು ಕ್ಯಾಮೆರಾ ಇದ್ದ ಹಾಗೆ. ಅದರ ಹಿಂದೆ ಒಂದು ಪರದೆ ಇರುತ್ತೆ. ವಯಸ್ಸಾಗ್ತಾ ಆ ಪರದೆ…”

“ಅಮ್ಮಾ,” ಎಂದರು ಮೇಷ್ಟ್ರು, “ಲೈಸೆನ್ಸ್ ಟೆಸ್ಟಲ್ಲಿ ಫೇಲಾದವರಿಗೆ ನಾನೂ ಹೀಗೇ ಮೊದಲು ಇಂಜಿನ್ ಪಾಠ ಮಾಡ್ತೀನಿ. ಪಾಸಾ, ಫೇಲಾ?”

ಬಾಗಿಲ ಬಳಿ ನಿಂತಿದ್ದ ಹಿರಿಯ ನರ್ಸು ಸ್ಟೂಲು ಎಳೆದುಕೊಂಡು ಮೇಷ್ಟ್ರ ಪಕ್ಕ ಕೂತಳು. ಡಾಕ್ಟರು ಚಿತ್ರ ಕೆಳಗಿಟ್ಟಳು.

“ಫೇಲು. ನೋಟದ ನಡುಭಾಗ ಹೋಗಿದೆ, ವಾಪಸ್ ಬರಲ್ಲ. ಉಳಿದಿದ್ದನ್ನ ಇಂಜೆಕ್ಷನ್ ಕೊಟ್ಟು ಕಾಪಾಡಲು ನೋಡ್ತೀನಿ. ಆದರೆ ಇವತ್ತಿಂದ ನೀವು ಗಾಡಿ ಓಡಿಸಬಾರದು.”

ಮೇಷ್ಟ್ರ ತಮಾಷೆ ಅಲ್ಲೇ ನಿಂತುಹೋಯಿತು. ಕೈಲಿದ್ದ ಕೀಲಿಯನ್ನು ತಿರುವುತ್ತಾ ಕೂತರು.

“ಏನು ಯೋಚನೆ ಮಾಡ್ತಿದ್ದೀರಿ?” ನರ್ಸು ಕೇಳಿದಳು.

“ನಾಳೆ ಬೆಳಿಗ್ಗೆ ಯಾಕೆ ಏಳಬೇಕು ಅಂತ.”

“ಅವಸರ ಇಲ್ಲ. ಇನ್ನೂ ಸ್ವಲ್ಪ ಹೊತ್ತು ಕೂತಿರೋಣ.”

ಕನ್ನಡಕ ಒರೆಸಲು ಹತ್ತಿ ಕೊಟ್ಟಳು. ಅವರು ಒರೆಸಿಕೊಂಡಿದ್ದು ಕನ್ನಡಕವನ್ನಲ್ಲ.

“ಮನೆಯವರಿಗೆ ನಾವು ಹೇಳೋಣವಾ?” ಎಂದಳು ಡಾಕ್ಟರು.

ಮೇಷ್ಟ್ರು ಎದ್ದರು. “ಬೇಡ. ಸುತ್ತಿ ಬಳಸಿ ಮಾತಾಡೋದು ನನಗೆ ಬರಲ್ಲ. ನಾನೇ ಹೇಳ್ತೀನಿ.”

ಹೊರಗೆ ಬಂದು ಬೆಂಚಿನ ತುದಿಯಲ್ಲಿ ಕೂತರು. ಕೆಮ್ಮಿದರು.

“ನೋಡೇ, ಕಣ್ಣು ಅನ್ನೋದು ಕ್ಯಾಮೆರಾ ಇದ್ದ ಹಾಗೆ…”

“ಗಾಡಿ ಓಡಿಸಬೇಡಿ ಅಂದ್ರಾ?”

“ನಿಂಗ್ಹೇಗೆ ಗೊತ್ತು?”

“ದಾರಿಯುದ್ದಕ್ಕೂ ‘ಹಂಪು, ಸೈಕಲ್ಲು, ಹಂಪು’ ಅಂತ ನಿಮಗೆ ಹೇಳಿ ಹೇಳಿ ಬಾಯಿ ಒಣಗಿಸಿಕೊಂಡಿದ್ದು ಯಾರು, ನಾನಲ್ವಾ? ಮೊನ್ನೆ ಲೈಟುಕಂಬಕ್ಕೆ ‘ಸ್ವಲ್ಪ ಜರುಗಪ್ಪಾ’ ಅಂದ್ರಿ.”

“ಹೇಳೋದಲ್ವಾ ಮತ್ತೆ!”

“ಬಾಯಿ ಬರಲಿಲ್ಲ ಕಣ್ರೀ. ಡಾಕ್ಟರೇ ಹೇಳಲಿ ಅಂತ ಕರ್ಕೊಂಡು ಬಂದೆ.”

ಆಕೆ ಕೀಲಿಗಾಗಿ ಕೈ ಚಾಚಿದರು. ಆಕೆಗೂ ಲೈಸೆನ್ಸ್ ಇತ್ತು. ಗಂಡನ ಕೂಗಾಟಕ್ಕೆ ಬೇಸತ್ತು ಸ್ಟಿಯರಿಂಗ್ ಮುಟ್ಟುವುದನ್ನೇ ಬಿಟ್ಟಿದ್ದರು. ಮೇಷ್ಟ್ರು ಕೀಲಿ ಕೊಟ್ಟರು.

ಅದು ಪಾಠದ ಕಾರು, ಪಕ್ಕದ ಸೀಟಿಗೂ ಒಂದು ಬ್ರೇಕು. ಮೊದಲ ತಿರುವಿನಲ್ಲೇ ಗಾಡಿ ಗಕ್ಕನೆ ನಿಂತಿತು.

“ಕಾಲು ತೆಗೀರಿ.”

“ನಾನೇನು ಮಾಡಿದೆ?”

“ತೆಗೀರಿ ಅಂದೆ.”

ತೆಗೆದರು. ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿ, ಚಕ್ಕಳಮಕ್ಕಳ ಹಾಕಿ ಕೂತರು. ಸಿಗ್ನಲ್ ಹತ್ತಿರ ತಡೆಯಲಾರದೆ ಕೇಳಿದರು: “ಹಸಿರು ಬಂತಾ?”

“ಬಂದರೆ ಹೇಳ್ತೀನಿ,” ಎಂದರು ಆಕೆ.