ಬ್ಲಾಗೊಯೆ ಪಾಲಿನ ಸಿಗರೇಟು

ನನ್ನ ಗಂಡ ಬ್ಲಾಗೊಯೆ ಬದುಕಿದ್ದಾಗ ಬಿಟ್ಟ ಹೊಗೇನೆಲ್ಲ ಒಟ್ಟು ಮಾಡಿದ್ರೆ ಇಡೀ ಸರ್ಬಿಯಾಗೆ ಒಂದು ವಾರ ಸೂರ್ಯ ಕಾಣ್ತಿರ್ಲಿಲ್ಲ. ಸತ್ತು ಒಂಬತ್ತು ವರ್ಷ ಆಯ್ತು, ಇನ್ನೂ ಬಿಟ್ಟಿಲ್ಲ. ನಮ್ಮಲ್ಲಿ ಹಂಗೇ ಅಲ್ವಾ, ಸೇದ್ತಿದ್ದೋನ ಗೋರಿ ಮೇಲೆ ಒಂದು ಸಿಗರೇಟು ಹಚ್ಚಿಡಬೇಕು, ಅದು ತನ್ನಷ್ಟಕ್ಕೆ ಉರಿದು ಹೋಗ್ಬೇಕು. ನನಗೋ ಮಂಡಿನೋವು, ಗುಡ್ಡ ಹತ್ತೋಕಾಗಲ್ಲ. ಹಂಗಾಗಿ ಶನಿವಾರ ಶನಿವಾರ ನನ್ನ ತಮ್ಮ ವೆಲಿಬೋರ್ ಹೋಗ್ತಿದ್ದ.

"ಪ್ಯಾಕೆಟ್ ಕೊಡಕ್ಕ, ಭಾವ ಕಾಯ್ತಿರ್ತಾನೆ. ಒಂದು ಹಚ್ಚಿಡ್ತೀನಿ, ಮಿಕ್ಕಿದ್ದು ತಲೆ ಹತ್ರ ಇಟ್ಟು ಬರ್ತೀನಿ."

ಕೊಡ್ತಿದ್ದೆ. ನಾನೇ, ಈ ಕೈಯಾರೆ!

ಈ ವೆಲಿಬೋರನ ಹೊಟ್ಟೇಲಿರೋದು ನನ್ನ ಕಿಡ್ನಿ. ಮೂರು ವರ್ಷದ ಹಿಂದೆ ಅವನ ಎರಡೂ ಕೆಟ್ಟು, ಮೆಷಿನ್ನಿಗೆ ಕಟ್ಟಿಹಾಕ್ತಿದ್ರು. ಗೂಟಕ್ಕೆ ಕಟ್ಟಿದ ಆಡಿನ ಥರ ನೋಡ್ತಿದ್ದ, ಪಾಪ. ಅರವತ್ತಾರನೇ ವಯಸ್ಸಲ್ಲಿ ಹೊಟ್ಟೆ ಕೊಯ್ಸಿಕೊಂಡು ಕೊಟ್ಟೆ. ಆಪರೇಷನ್ನಿಗೆ ಮುಂಚೆ ಡಾಕ್ಟರಮ್ಮ ಕೇಳಿದ್ಲು, "ಸಿಗರೇಟು ಬಿಟ್ಟು ಎಷ್ಟಾಯ್ತು?"

"ಐದು ವರ್ಷ" ಅಂದ. ಐದು ವಾರ ಆಗಿತ್ತು!

ಅಂದು ನನ್ನ ಕಡೆ ನೋಡ್ದ. ಚಿಕ್ಕೋನಿದ್ದಾಗ ಪಕ್ಕದ ಮನೆ ಪ್ಲಮ್ ಹಣ್ಣು ಕದ್ದು, ಅಪ್ಪನ ಮುಂದೆ ನಿಂತ್ಕೊಂಡು ನನ್ನ ನೋಡ್ತಿದ್ನಲ್ಲ, ಅದೇ ನೋಟ. ಆಪರೇಷನ್ ಎಲ್ಲಿ ಮುಂದಕ್ಕೆ ಹಾಕ್ತಾರೋ ಅಂತ ನಾನೂ ತಲೆ ಆಡಿಸ್ದೆ. ಮನೆಗೆ ಬಂದು ಸಂತ ನಿಕೋಲನ ಪಟದ ಮುಂದೆ, ಬ್ರೆಡ್ಡಿನ ಮೇಲೆ ಕೈಯಿಟ್ಟು ಆಣೆ ಮಾಡ್ದ. "ನಿನ್ನ ಕಿಡ್ನಿಗೆ ಹೊಗೆ ವಾಸನೇನೂ ತೋರ್ಸಲ್ಲ ಅಕ್ಕ."

ಮೂರು ವರ್ಷ ಕಳೆದು ಈ ಸಲ ಪರೀಕ್ಷೆ ಮಾಡಿ ಡಾಕ್ಟರಮ್ಮ ಮುಖ ಸಣ್ಣಗೆ ಮಾಡ್ಕೊಂಡ್ಲು. "ನಲವತ್ತು ವರ್ಷ ಸೇದಿದ್ದು ರಕ್ತನಾಳದಲ್ಲೇ ಕೂತಿರುತ್ತೆ. ಬಿಟ್ಟೋರಿಗೂ ಹೊಸ ಕಿಡ್ನಿ ಬೇಗ ಸೊರಗಬಹುದು. ಆದ್ರೆ ಇದು ತೀರಾ ಬೇಗ ಇಳೀತಿದೆ. ಮತ್ತೆ ಶುರು ಮಾಡಿದ್ದೀರಾ?"

"ಮುಟ್ಟೇ ಇಲ್ಲ! ಅಕ್ಕನದು ಹಳೇ ಮಾಲು ಡಾಕ್ಟ್ರೆ, ಅದಕ್ಕೇ ಹಿಂಗೆ" ಅಂದ.

ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸ್ತು. ಕೊಳೆತ ಮೆಣಸಿನಕಾಯಿ ಮಾರಿ ಸಿಕ್ಕಿಬಿದ್ದೋಳ ಥರ ವಾರವಿಡೀ ತಲೆ ತಗ್ಗಿಸ್ಕೊಂಡು, ಅವನಿಗೆ ಉಪ್ಪಿಲ್ಲದ ಅಡುಗೆ ಮಾಡಿ ಹಾಕ್ದೆ.

ಆಮೇಲೆ ಬಂತು ಸತ್ತೋರ ಶನಿವಾರ, ಮನೆಮನೆಯೋರೂ ಗೋರಿಗೆ ಹೋಗೋ ದಿನ. ಅವತ್ತು ಹೆಂಡತಿ ಹೋಗದಿದ್ರೆ ಊರೆಲ್ಲ ಆಡ್ಕೊಳ್ಳುತ್ತೆ. ಬೇಯಿಸಿದ ಸಿಹಿ ಗೋಧಿ ಬಟ್ಟಲು ಹಿಡ್ಕೊಂಡು, ನೂರು ಸಲ ಕೂತು ನೂರು ಸಲ ಎದ್ದು, ವೆಲಿಬೋರ್ ಬರೋಕೆ ಮುಂಚೆನೇ ಗುಡ್ಡ ಹತ್ತಿದೆ. ಗೋರಿ ಕಲ್ಲಿನ ಹಿಂದೆ ಒಂದು ತಗಡಿನ ಡಬ್ಬ. ತುಂಬ ಸಿಗರೇಟು ತುಂಡು. ಒಂದೊಂದರ ತುದೀನೂ ಕಚ್ಚಿ ಕಚ್ಚಿ ಚಪ್ಪಟೆ ಮಾಡಿದ್ದು.

ಬ್ಲಾಗೊಯೆಗೆ ಬದುಕಿದ್ದಾಗಲೇ ಬಾಯಲ್ಲಿ ಒಂದೂ ಹಲ್ಲಿರ್ಲಿಲ್ಲ. ಸತ್ತ ಮೇಲೆ ಹುಟ್ಟಿದ್ವಾ? ಸಿಗರೇಟು ಕಚ್ಚೋ ಚಟ ಯಾರದು ಅಂತ ನನಗೆ ಗೊತ್ತಿಲ್ವಾ?

ಅಷ್ಟರಲ್ಲಿ ವೆಲಿಬೋರ್ ಏದುಸಿರು ಬಿಡ್ತಾ ಬಂದ. ಡಬ್ಬ ನೋಡಿ ನಿಂತುಬಿಟ್ಟ.

"ಒಂದು ದಮ್ಮು ಎಳೀದಿದ್ರೆ ಹೊತ್ಕೊಳ್ಳಲ್ಲ ಅಕ್ಕ."

"ಹೊತ್ಕೊಳ್ಳೋಕೆ ಕಚ್ಚಬೇಕೇನೋ, ನಾಯಿಮರಿ?"

"ಭಾವ ಒಬ್ನೇ ಇರ್ತಾನೆ ಅಂತ ಜೊತೆ ಕೊಟ್ಟೆ."

"ಕೊಡು, ಕೊಡು. ಹಂಗೇ ಪಕ್ಕದಲ್ಲಿ ಮಲ್ಕೊಂಬಿಡು. ಹಳೇ ಮಾಲಂತೆ! ಡಾಕ್ಟರಮ್ಮನ ಮುಂದೆ ನನ್ನ ತಲೆ ಮೇಲೆ ಹಾಕಿದ್ಯಲ್ಲೋ."

ನೆಲ ನೋಡ್ದ. ಆಮೇಲೆ ಮೆತ್ತಗೆ, "ಕೊಟ್ಟ ಮೇಲೆ ಅದು ನಂದಲ್ವಾ ಅಕ್ಕ. ಡಾಕ್ಟರಮ್ಮಂಗೆ ಮಾತ್ರ ಹೇಳ್ಬೇಡ" ಅಂದ.

ಕಲ್ಲಿನ ಮೇಲಿದ್ದ ಬ್ಲಾಗೊಯೆ ಫೋಟೋಗೆ ಹೇಳ್ದೆ, "ನಿನ್ನ ಹೆಸರಲ್ಲಿ, ನಿನ್ನ ತಲೆ ಮೇಲೇ ಕೂತು ಮಾಡ್ತಿದ್ದ. ನೋಡ್ಕೊಂಡು ಮಲಗಿದ್ದೆಯಲ್ಲ, ಕಳ್ಳ." ಅವತ್ತು ಅವನಿಗೆ ಗೋಧಿ ಇಟ್ಟೆ, ಸಿಗರೇಟು ಇಡ್ಲಿಲ್ಲ.

ಮಂಗಳವಾರ ನೀಶ್ ಪಟ್ಟಣದ ಆಸ್ಪತ್ರೆ. ಡಾಕ್ಟರಮ್ಮ ಮತ್ತೆ ಅದೇ ಕೇಳಿದ್ಲು. "ನಿಜ ಹೇಳಿ. ಸೇದ್ತಿದ್ದೀರಾ?"

"ಇಲ್ಲ" ಅಂದ. ನನ್ನ ಕಡೆ ತಿರುಗ್ದ. ಅದೇ ಪ್ಲಮ್ ಹಣ್ಣಿನ ನೋಟ.

ನಾನು ಕರವಸ್ತ್ರದ ಗಂಟು ಬಿಚ್ಚಿ ಡಬ್ಬದ ತುಂಡೆಲ್ಲ ಅವಳ ಮೇಜಿನ ಮೇಲೆ ಸುರಿದೆ. "ಆಪರೇಷನ್ನಿಗೆ ಮುಂಚೆ ಐದು ವರ್ಷ ಆಯ್ತು ಅಂದಿದ್ದೂ ಸುಳ್ಳು ಕಣಮ್ಮ. ಅವತ್ತು ತಲೆ ಆಡಿಸ್ದೋಳು ನಾನೇ."

ಡಾಕ್ಟರಮ್ಮ ಬೈಲಿಲ್ಲ. ಹಾಳಾಗಿದ್ದು ವಾಪಸ್ ಬರಲ್ಲ, ಇವತ್ತೇ ನಿಲ್ಸಿದ್ರೆ ಉಳಿದಿದ್ದು ಇನ್ನೊಂದಷ್ಟು ವರ್ಷ ಬರಬಹುದು, ಇಲ್ಲಾಂದ್ರೆ ಮೆಷಿನ್ನೇ ಗತಿ ಅಂದ್ಲು.

ವಾಪಸ್ ಬರೋ ಬಸ್ಸಲ್ಲಿ ಪಕ್ಕದ ಸೀಟಿನ ಮೇಲೆ ನನ್ನ ಚೀಲ ಇಟ್ಟು ವೆಲಿಬೋರನಿಗೆ ಜಾಗ ಹಿಡಿದಿದ್ದೆ. ಅದನ್ನ ನೋಡೇ ನೋಡ್ದ. ಎರಡು ಸೀಟು ಮುಂದೆ ಹೋಗಿ ಕೂತ. ಊರು ಬರೋವರೆಗೂ ನನ್ನ ಕಿಡ್ನಿ ನನಗೇ ಬೆನ್ನು ಹಾಕ್ಕೊಂಡು ಕೂತಿತ್ತು.